ಹುಲ್ಲುಹಾಸಿಗೆ ಮಹಾನಗರದ ದರ, ಮೇಸ್ತ್ರಿಗೆ ಹಳ್ಳಿಯ ಸಂಬಳ

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪಟ್ಟಿಯಲ್ಲಿ 37-1012 ಎಂಬ ಸಂಖ್ಯೆಯೊಂದಿದೆ. ತೋಟ, ಹುಲ್ಲುಹಾಸು, ಆಟದ ಬಯಲು, ಕಟ್ಟಡದ ಸುತ್ತಲಿನ ಹಸಿರು ಇವುಗಳ ಕೆಲಸಗಾರರ ಮೇಲೆ ಉಸ್ತುವಾರಿ ನೋಡುವವನ ಸಂಖ್ಯೆ ಅದು. ಯಾವ ಮಹಾನಗರ ಪ್ರದೇಶದಲ್ಲಿ ಇಂಥವರು ಎಷ್ಟು ಮಂದಿ, ಅವರ ನಡುಮಟ್ಟದ ಸಂಬಳವೆಷ್ಟು, ಕೆಳಗಿನ ಹತ್ತು ಪಾಲಿನವನಿಗೆ ಏನು ಸಿಗುತ್ತದೆ, ಮೇಲಿನ ಹತ್ತು ಪಾಲಿನವನಿಗೆ ಏನು ಸಿಗುತ್ತದೆ ಎಂಬುದನ್ನು ಆ ಇಲಾಖೆ ವರ್ಷವರ್ಷವೂ ಪ್ರಕಟಿಸುತ್ತದೆ. ಮಡಿಕೇರಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನ ಗಾಳಿಬೀಡಿನಲ್ಲೂ ಈ ಕೆಲಸ ಮಾಡುವವನಿದ್ದಾನೆ. ಕಾಫಿತೋಟದಲ್ಲಿ ಅವನು ಮೇಸ್ತ್ರಿ, ದೊಡ್ಡ ಎಸ್ಟೇಟಿನಲ್ಲಿ ಅವನ ಮೇಲೊಬ್ಬ ರೈಟರ್, ರೆಸಾರ್ಟಿನಲ್ಲಿ ಅವನೇ ಗಾರ್ಡನ್ ಸೂಪರ್‌ವೈಸರ್, ಹೋಂಸ್ಟೇಯಲ್ಲಿ ‘ತೋಟ ನೋಡ್ಕೊಳ್ಳೋನು’. ಹೆಸರು ಮೂರಿದ್ದರೂ ಸಂಬಳ ನಿಗದಿಯಾಗುವ ರೀತಿ ಒಂದೇ: ಆಳಿನ ಕೂಲಿಗೆ ಒಂದಿಷ್ಟು ಸೇರಿಸಿ ಕೊಡುವುದು. ಈ ‘ಒಂದಿಷ್ಟು’ ಎಂಬ ಲೆಕ್ಕವೇ ತಪ್ಪು ಎಂಬುದು ಈ ಲೇಖನದ ವಾದ. ಅವನ ಸಂಬಳಕ್ಕೆ ಅವನು ಹೊತ್ತ ಹೊಣೆ ಮತ್ತು ಅವನು ಕಾಯುವ ಹಸಿರು ಮಾರಾಟವಾಗುವ ಮಾರುಕಟ್ಟೆ ಅಳತೆಯಾಗಬೇಕು. ಅವನ ಮನೆಯ ಪಿನ್‌ಕೋಡ್ ಅಲ್ಲ.

ಹೊಣೆ ಎಂದರೆ ಏನೆಂದು ಗಾಳಿಬೀಡಿನ ನೆಲದಲ್ಲೇ ನೋಡಬೇಕು, ಬಯಲುಸೀಮೆಯ ಉದ್ಯಾನದಲ್ಲಿ ಅದು ಪೂರ್ತಿ ಕಾಣುವುದಿಲ್ಲ. ಇದು ಪಶ್ಚಿಮಘಟ್ಟದ ನೆತ್ತಿಯ ಇಳಿಜಾರು. ಮುಂಗಾರಿನ ನಾಲ್ಕು ತಿಂಗಳು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳ ಸಾಲಿಗೆ ಸೇರುವ ಊರು. ಏಲಕ್ಕಿ, ಕಾಫಿ, ಮೆಣಸಿನ ತೋಟಗಳ ನಡುವೆ ಮೊಣ್ಣಂಗೇರಿಯವರೆಗೂ ಈಗ ಅತಿಥಿಗೃಹಗಳ ಹಸಿರಂಗಳಗಳು ಹಬ್ಬಿವೆ, ನವೋದಯ ವಿದ್ಯಾಲಯದ ವಿಶಾಲ ಆವರಣವೂ ಇಲ್ಲಿದೆ. ಮಳೆ ಹಿಡಿಯುವ ಮೊದಲು ಮರಗಸಿ ಮುಗಿಯಬೇಕು. ಯಾವ ಕೊಂಬೆ ಕಡಿದರೆ ಬೆಳಕು ಬರುತ್ತದೆ, ಯಾವುದನ್ನು ಉಳಿಸಿದರೆ ಗಿಡಕ್ಕೆ ನೆರಳು ಸಾಕಾಗುತ್ತದೆ, ಯಾವ ಹಾಲುವಾಣ ಗಾಳಿಗೆ ಮಾಡಿನ ಮೇಲೆ ಬೀಳುತ್ತದೆ ಎಂದು ಮರದ ಬುಡದಲ್ಲಿ ನಿಂತು ತೀರ್ಮಾನಿಸಬೇಕು, ಮರ ಹತ್ತಿದವನ ಜೀವ ಆ ತೀರ್ಮಾನದ ಮೇಲಿರುತ್ತದೆ. ಚರಂಡಿ ಬಿಡಿಸಬೇಕು, ಕಾಲುದಾರಿಯ ನೀರು ಎತ್ತ ತಿರುಗಬೇಕೆಂದು ಗುರುತು ಹಾಕಬೇಕು. ಜಿಗಣೆಯ ಕಾಲದಲ್ಲಿ ಕಳೆ ತೆಗೆಸಬೇಕು, ಬಿಸಿಲು ಕಂಡ ದಿನ ಹುಲ್ಲು ಕತ್ತರಿಸಬೇಕು, ಔಷಧಿ ಎಷ್ಟು ಬೆರೆಸಬೇಕೆಂದು ಹೇಳಬೇಕು. ಅದರೊಟ್ಟಿಗೆ ಹಾಜರಿ ಬರೆಯಬೇಕು. ಕನ್ನಡ, ಮಲಯಾಳ, ತಮಿಳು, ಯರವರ ಮಾತು, ಈಚೆಗೆ ಅಸ್ಸಾಂ ಮತ್ತು ಬಂಗಾಳದ ಕಡೆಯಿಂದ ಬಂದವರ ಹಿಂದಿ, ಇಷ್ಟರಲ್ಲೂ ಕೆಲಸ ಹೇಳಬೇಕು.

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಮೊಣ್ಣಂಗೇರಿ ಸುತ್ತಲ ಗುಡ್ಡಗಳು ಜರಿದಾಗ ಕೊಡಗಿನವರಿಗೆ ಒಂದು ವಿಷಯ ಮನದಟ್ಟಾಯಿತು. ಮಳೆಯೇ ಮುಖ್ಯ ಕಾರಣವಾದರೂ ಇಳಿಜಾರನ್ನು ಮನುಷ್ಯ ಕಡಿದು ಸಮತಟ್ಟು ಮಾಡಿದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆ ಬಳಿಕ ಹೇಳಿತು. ಇಂಥ ಗುಡ್ಡದಲ್ಲಿ ಹುಲ್ಲುಹಾಸು ಎಂದರೆ ಕಣ್ಣಿಗೆ ತಂಪು ಮಾತ್ರ ಅಲ್ಲ. ಮಣ್ಣು ಕಡಿದು ಮಾಡಿದ ಮಟ್ಟದ ಮೇಲೆ ನೀರು ನಿಲ್ಲುವ ಜಾಗ ಅದು. ಆ ನೀರು ಬದಿಯ ಬರೆಯೊಳಗೆ, ಅಂದರೆ ಕಡಿದ ಗುಡ್ಡದ ಕಡಿದಾದ ಅಂಚಿನೊಳಗೆ, ಇಂಗುತ್ತದೆಯೋ ತೋಡಿಗೆ ಹರಿಯುತ್ತದೆಯೋ ಎಂಬುದನ್ನು ದಿನನಿತ್ಯ ನೋಡುವವನು ವಾಸ್ತುಶಿಲ್ಪಿಯಲ್ಲ, ಮಾಲೀಕನೂ ಅಲ್ಲ, ಮೇಸ್ತ್ರಿ. ಬರೆಯಲ್ಲಿ ಬಿರುಕು ಕಂಡರೆ ಮೊದಲು ಕಾಣುವುದು ಅವನಿಗೆ. ಇದನ್ನು ‘ಗಿಡಕ್ಕೆ ನೀರು ಹಾಕಿಸುವ ಕೆಲಸ’ ಎಂದು ಬೆಲೆ ಕಟ್ಟಿದರೆ ಅದು ಮಾಲೀಕನಿಗೇ ನಷ್ಟದ ಬಾಬತ್ತು.

ಹಾಗಾದರೆ ಈ ಕಡಿಮೆ ಬೆಲೆ ಬಂದದ್ದೆಲ್ಲಿಂದ? ಮೇಸ್ತ್ರಿ ಎಂಬ ಹುದ್ದೆಯ ಹುಟ್ಟಿನಲ್ಲೇ ಅದರ ಬೇರಿದೆ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಪ್ಲಾಂಟರ್ ಮಡಿಕೇರಿಯ ಬಳಿ ಎಸ್ಟೇಟ್ ತೆರೆದ ಮೇಲೆ ಕೊಡಗಿನಲ್ಲಿ ಕಾಡು ಕಡಿದು ಕಾಫಿ ನೆಡುವ ಭರಾಟೆ ಶುರುವಾಯಿತು. ಆಳುಗಳು ಊರಲ್ಲಿ ಸಾಲದಾಗ ಮೈಸೂರು ಸೀಮೆ, ದಕ್ಷಿಣ ಕನ್ನಡ, ಮಲಬಾರ್, ತಮಿಳುನಾಡುಗಳಿಂದ ಕರೆತರುವ ಕೆಲಸ ಮೇಸ್ತ್ರಿಯದಾಯಿತು. ದೊರೆ ಅವನ ಕೈಗೆ ಮುಂಗಡ ಕೊಡುತ್ತಿದ್ದ, ಅವನು ಅದನ್ನು ಆಳುಗಳಿಗೆ ಹಂಚಿ ಕಟ್ಟಿಹಾಕುತ್ತಿದ್ದ. ಅವನ ಆದಾಯ ಕರೆತಂದ ತಲೆಗಳ ಮೇಲೆ, ಅವರು ದುಡಿದ ದಿನಗಳ ಮೇಲೆ ಸಿಗುವ ಕಮಿಷನ್. ಮುಂಗಡ ಪಡೆದು ಓಡಿಹೋದ ಆಳನ್ನು ಜೈಲಿಗೆ ಕಳಿಸುವ ಕಾನೂನು ಭಾರತದ ಉಳಿದೆಡೆ ರದ್ದಾದ ಮೇಲೂ ಕೊಡಗಿನಲ್ಲಿ 1926ರ ಪ್ರತ್ಯೇಕ ಕಾರ್ಮಿಕ ಕಾಯ್ದೆಯ ಬಲದಿಂದ ಇನ್ನಷ್ಟು ವರ್ಷ ಉಳಿದಿತ್ತು. ಅಂದರೆ ಮೇಸ್ತ್ರಿಯ ದುಡಿಮೆಯನ್ನು ಅಳೆದದ್ದು ತೋಟ ಎಷ್ಟು ಚೆನ್ನಾಗಿದೆ ಎಂಬುದರಿಂದಲ್ಲ, ಎಷ್ಟು ತಲೆಗಳನ್ನು ಹಿಡಿದಿಟ್ಟ ಎಂಬುದರಿಂದ. ಆ ಕಾನೂನುಗಳು ಹೋದವು, ಲೆಕ್ಕದ ರೂಢಿ ಹೋಗಲಿಲ್ಲ. ಇಂದು ಕೂಲಿಯಾಳು ಒದಗಿಸುವ ಗುತ್ತಿಗೆದಾರನಿಗೆ ತಲೆಗಿಷ್ಟು ಎಂದು ಕೊಡುವಾಗ ಅದೇ ಹಳೆಯ ಮೇಸ್ತ್ರಿ ಹೊಸ ಅಂಗಿ ತೊಟ್ಟು ಬಂದಿರುತ್ತಾನೆ. ನಿಜವಾಗಿ ತೋಟ ಬಲ್ಲ ಮೇಸ್ತ್ರಿ ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಾನೆ: ಕಮಿಷನ್ ಅವನದಲ್ಲ, ಅಧಿಕಾರಿಯ ಸಂಬಳವೂ ಅವನಿಗಿಲ್ಲ.

ಈಗ ಅಂಕಿಗಳಿಗೆ ಬರೋಣ. ಗಾಳಿಬೀಡಿನ ಗಾರ್ಡನ್ ಸೂಪರ್‌ವೈಸರ್‌ನ ಸರಾಸರಿ ಸಂಬಳ ಹೇಳುವ ಸರಕಾರಿ ಪಟ್ಟಿ ಇಲ್ಲ, ಕನಿಷ್ಠ ವೇತನದ ಲೆಕ್ಕ ಇದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ರಾಜ್ಯವನ್ನು ಮೂರು ವಲಯ ಮಾಡಲಾಗಿತ್ತು: ಬೆಂಗಳೂರು ಮಹಾನಗರ ಮತ್ತು ಅದರ ಸುತ್ತಲಿನದು ಮೊದಲನೆಯದು, ಜಿಲ್ಲಾ ಕೇಂದ್ರಗಳು ಮತ್ತು ಇತರ ಮಹಾನಗರಪಾಲಿಕೆಗಳು ಎರಡನೆಯದು, ಉಳಿದದ್ದೆಲ್ಲ ಮೂರನೆಯದು. ಕುಶಲವಲ್ಲದ ಕೆಲಸಕ್ಕೆ ಮೊದಲ ವಲಯದಲ್ಲಿ ತಿಂಗಳಿಗೆ 23,376 ರೂಪಾಯಿ, ಮೂರನೆಯದರಲ್ಲಿ 19,319. ಒಂದೊಂದು ಮೆಟ್ಟಿಲು ಮೇಲೇರಿದಂತೆ ಶೇ 10ರಷ್ಟು ಕೂಡಿಸುತ್ತ ಹೋಗಿ ಅತಿಕುಶಲ ಕೆಲಸಕ್ಕೆ ಬೆಂಗಳೂರಿನಲ್ಲಿ 31,114. ಅದೇ ಲೆಕ್ಕದಲ್ಲಿ ಮೂರನೇ ವಲಯದ ಅತಿಕುಶಲನಿಗೆ ಬರುವುದು ಸುಮಾರು 25,714. ಕರಡು ಕರಡೇ, ಅದನ್ನು ಇಲ್ಲಿ ಅಳತೆಗೋಲಾಗಿ ಮಾತ್ರ ಬಳಸುತ್ತಿದ್ದೇನೆ. ಪ್ಲಾಂಟೇಷನ್‌ಗೆ ಕೂಲಿ ನಿಗದಿಯ ದಾರಿ ಮೊದಲಿನಿಂದಲೂ ಬೇರೆ. ಆದರೆ ಆ ಅಳತೆಗೋಲು ಹೇಳುವುದನ್ನು ಕೇಳಿ. ಗಾಳಿಬೀಡಿನಲ್ಲಿ ಅತಿಕುಶಲ ಎನಿಸಿಕೊಂಡ ಸೂಪರ್‌ವೈಸರ್‌ಗೆ ಬರುವ ಮೊತ್ತ, ಬೆಂಗಳೂರಿನಲ್ಲಿ ಅರೆಕುಶಲ ಎನಿಸಿಕೊಂಡ ಸಹಾಯಕನಿಗೆ ಬರುವ ಮೊತ್ತಕ್ಕೆ ರೂಪಾಯಿಯವರೆಗೂ ಸಮ. ಇಬ್ಬರು ಒಂದೇ ಕೆಲಸದ ಸೂಪರ್‌ವೈಸರ್‌ಗಳನ್ನು ತೂಗಿದರೆ ತಿಂಗಳಿಗೆ 5,400ರ ಅಂತರ, ವರ್ಷಕ್ಕೆ 64,800. ಬೆಂಗಳೂರು ದೂರವಾಯಿತು ಎನ್ನುವುದಾದರೆ ಮಡಿಕೇರಿಯನ್ನೇ ಹಿಡಿಯಿರಿ. ಅದು ಜಿಲ್ಲಾ ಕೇಂದ್ರವಾದ್ದರಿಂದ ಎರಡನೇ ವಲಯ, ಅಲ್ಲಿನ ಅತಿಕುಶಲನಿಗೆ 28,285 ರೂಪಾಯಿ. ಬಸ್ಸಿನಲ್ಲಿ ಅರ್ಧ ಗಂಟೆ ಬೇಡದ ದೂರಕ್ಕೆ ತಿಂಗಳಿಗೆ ಎರಡೂವರೆ ಸಾವಿರ ಕಡಿತ.

ಇಲ್ಲೊಂದು ನ್ಯಾಯದ ಮಾತು ಹೇಳಬೇಕು. ಆಳಿಗೂ ಮೇಲ್ವಿಚಾರಕನಿಗೂ ಇರುವ ಅಂತರದ ಪ್ರಮಾಣ ಮಾತ್ರ ನೋಡಿದರೆ ನಮ್ಮ ಕರಡು ತೀರಾ ಕೆಟ್ಟದ್ದಲ್ಲ. ಅತಿಕುಶಲನಿಗೆ ಕುಶಲವಲ್ಲದವನ 1.33 ಪಟ್ಟು. ಅಮೆರಿಕದಲ್ಲಿ 37-1012ರವನ ನಡುಮಟ್ಟದ ಸಂಬಳ ಅವನ ಕೈಕೆಳಗಿನವನದಕ್ಕಿಂತ ಸರಿಸುಮಾರು 1.4 ಪಟ್ಟು. ಆದ್ದರಿಂದ ‘ಅಲ್ಲಿ ಸ್ವರ್ಗ, ಇಲ್ಲಿ ನರಕ’ ಎಂಬ ಸುಲಭದ ಮಾತು ಇಲ್ಲಿ ನಿಲ್ಲುವುದಿಲ್ಲ. ತೊಡಕಿರುವುದು ಬೇರೆ ಎರಡು ಕಡೆ. ಒಂದು, ಗಾಳಿಬೀಡಿನ ಮೇಸ್ತ್ರಿಯನ್ನು ಅತಿಕುಶಲ ಎಂದು ಬರೆದುಕೊಳ್ಳುವವರು ಯಾರು? ಹಾಜರಿ ಪುಸ್ತಕದಲ್ಲಿ ಅವನು ಸಾಮಾನ್ಯವಾಗಿ ಆಳುಗಳ ಸಾಲಿನ ಮೊದಲ ಹೆಸರು, ಅಷ್ಟೆ. ಇನ್ನೊಂದು, ವಲಯದ ಗೆರೆ. ಅದು ನೌಕರನ ಬದುಕಿನ ಖರ್ಚನ್ನು ಊಹಿಸಿ ಎಳೆದದ್ದೇ ಹೊರತು ಉದ್ಯಮದ ಗಳಿಕೆಯನ್ನು ನೋಡಿ ಎಳೆದದ್ದಲ್ಲ. ಬೆಂಗಳೂರಿನಿಂದ ಬರುವ ಅತಿಥಿಗೆ ಕೋಣೆಯ ಬಾಡಿಗೆ ಹೇಳುವಾಗ ‘ನಾವು ಮೂರನೇ ವಲಯ, ಕಡಿಮೆ ಮಾಡಿಕೊಳ್ಳಿ’ ಎಂದು ಯಾವ ರೆಸಾರ್ಟೂ ಹೇಳುವುದಿಲ್ಲ. ಅವನು ಹಣ ಕೊಡುವುದೇ ಆ ಮಂಜು, ಆ ಮರ, ಕಿಟಕಿಯಾಚೆಗೆ ಅಚ್ಚುಕಟ್ಟಾಗಿ ಇಳಿದುಹೋದ ಆ ಹಸಿರಿಗೆ. ಮಂಜು ಪುಕ್ಕಟೆ. ಹಸಿರು ಹಾಗಲ್ಲ, ಅದನ್ನು ದಿನವೂ ಕಾಯುವವನಿದ್ದಾನೆ.

ಸರಕಾರವೇ ತನ್ನ ನೌಕರರಿಗೆ ಏನು ಕೊಡುತ್ತದೆ ಎಂಬುದೂ ಒಂದು ಸಾಕ್ಷಿ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ರಾಜ್ಯ ಸರಕಾರಿ ನೌಕರನ ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಅದರ ಮೇಲೆ. ಅಂದರೆ ಖಾಯಂ ಸೇವೆಯಲ್ಲಿರುವ ಅತಿ ಕೆಳಗಿನ ದರ್ಜೆಯ ಹೊಸ ನೌಕರನ ಮೂಲ ವೇತನವೇ ಗಾಳಿಬೀಡಿನ ಅತಿಕುಶಲ ಖಾಸಗಿ ಮೇಲ್ವಿಚಾರಕನಿಗೆ ಕರಡು ಸೂಚಿಸಿದ ಮೊತ್ತಕ್ಕಿಂತ ಹೆಚ್ಚು. ಇದಕ್ಕೆ ಸರಕಾರಿ ನೌಕರನ ಮೇಲೆ ಹೊಟ್ಟೆಕಿಚ್ಚು ಬೇಡ. ತೋಟಗಾರಿಕೆ ಇಲಾಖೆಯ ಉದ್ಯಾನಗಳಲ್ಲೂ ಹೊರಗುತ್ತಿಗೆಯವರೇ ಹೆಚ್ಚಾಗುತ್ತಿರುವಾಗ ಈ 27,000 ಎಲ್ಲರ ಕೈಗೂ ಸಿಗುತ್ತಿಲ್ಲ. ಆದರೆ ಒಂದು ಸಂಸಾರ ಮರ್ಯಾದೆಯಿಂದ ಬಾಳಲು ಇಷ್ಟಾದರೂ ಬೇಕೆಂದು ಸರಕಾರ ತನ್ನ ಮನೆಯೊಳಗೆ ಒಪ್ಪಿಕೊಂಡ ಮೊತ್ತ ಅದು.

ಸಂಬಳದ ಪ್ರಶ್ನೆಗಿಂತ ವಿಚಿತ್ರವಾದದ್ದು ಕಾನೂನಿನಲ್ಲಿ ಅವನ ಜಾಗ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಮೇಲ್ವಿಚಾರಣೆಯ ಕೆಲಸ ಮಾಡುವವನು ಒಂದು ಮಿತಿಗಿಂತ ಹೆಚ್ಚು ಸಂಬಳ ಪಡೆದರೆ ಅವನು ‘ಕಾರ್ಮಿಕ’ನಾಗಿರಲಿಲ್ಲ. ಆ ಮಿತಿ ಬಹುಕಾಲ 500 ರೂಪಾಯಿ ಇತ್ತು, ಆಮೇಲೆ 1,600 ಆಯಿತು, 2010ರಲ್ಲಿ 10,000ಕ್ಕೆ ಏರಿತು. 2020ರ ಕೈಗಾರಿಕಾ ಸಂಬಂಧ ಸಂಹಿತೆ ಅದನ್ನು 18,000 ಮಾಡಿತು. ನಾಲ್ಕೂ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಈಗ ಈ 18,000ವನ್ನು ಮೇಲಿನ ಕರಡಿನ ಪಕ್ಕದಲ್ಲಿಡಿ. ಅತಿ ಕೆಳಗಿನ ವಲಯದಲ್ಲಿ, ಕುಶಲವಲ್ಲದ ಕೆಲಸಕ್ಕೇ 19,319. ಅಂದರೆ ಆ ದರ ಜಾರಿಗೆ ಬಂದ ದಿನ ಕನಿಷ್ಠ ವೇತನ ಪಡೆಯುವ ಪ್ರತಿಯೊಬ್ಬ ಮೇಲ್ವಿಚಾರಕನೂ ವಿವಾದ ಹೂಡುವ ಹಕ್ಕಿನ ಬೇಲಿಯಾಚೆ. ಕಡಿಮೆ ಸಂಬಳವಾದರೆ ಅನ್ಯಾಯ, ನ್ಯಾಯದ ಸಂಬಳವಾದರೆ ಕೆಲಸದಿಂದ ತೆಗೆದಾಗ ಕಾರ್ಮಿಕ ನ್ಯಾಯಾಲಯದ ಬಾಗಿಲಿಲ್ಲ. ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸವನ್ನು ನೋಡಬೇಕೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿರುವುದು ನಿಜ. ತಾನೇ ಕತ್ತಿ ಹಿಡಿದು ಆಳುಗಳ ಜೊತೆ ದುಡಿಯುವ ಮೇಸ್ತ್ರಿ ಕಾರ್ಮಿಕನೇ ಎಂದು ವಾದಿಸಬಹುದು. ಆದರೆ ಗಾಳಿಬೀಡಿನವನು ಆ ವಾದ ಹೂಡಿ, ವಕೀಲನ ಫೀಸು ಕಟ್ಟಿ, ವರ್ಷಗಟ್ಟಲೆ ಕಾಯಬೇಕು.

ಹೊಸ ಸಂಹಿತೆಗಳಲ್ಲಿ ಅವನಿಗೆ ಅನುಕೂಲವಾದದ್ದೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ವೇತನ ಸಂಹಿತೆಯಲ್ಲಿ ‘ನೌಕರ’ ಎಂಬ ಪದದೊಳಗೆ ಮೇಲ್ವಿಚಾರಕನೂ ಬರುತ್ತಾನೆ. ಆದ್ದರಿಂದ ಕನಿಷ್ಠ ವೇತನದ ಹಕ್ಕು, ಹೊತ್ತಿಗೆ ಸರಿಯಾಗಿ ಸಂಬಳ ಪಡೆಯುವ ಹಕ್ಕು ಅವನಿಗೂ ಉಂಟು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಕೊಡಗಿನ ತೋಟಗಳಲ್ಲಿ ಬಾಯಿಮಾತಿನ ನೇಮಕವೇ ರೂಢಿಯಾಗಿರುವಾಗ ಕೊನೆಯದು ಸಣ್ಣ ಸಂಗತಿಯಲ್ಲ.

ಹೊಣೆಗೆ ತಕ್ಕ ಸಂಬಳ ಕೊಡಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ. ಹಳ್ಳಿಯಲ್ಲಿ ಖರ್ಚು ಕಡಿಮೆ, ಮನೆ ಪುಕ್ಕಟೆ, ಸೌದೆ ತೋಟದ್ದೇ, ಬೆಂಗಳೂರಿನವನಂತೆ ಬಾಡಿಗೆ ಕಟ್ಟುವ ಕಷ್ಟ ಅವನಿಗಿಲ್ಲವಲ್ಲ ಎಂದು. ಇದರಲ್ಲಿ ಅರ್ಧ ಸತ್ಯವಿದೆ. ಬಾಡಿಗೆಯ ಮಟ್ಟಿಗೆ ಒಪ್ಪಬಹುದು. ಉಳಿದದ್ದು? ಅಕ್ಕಿ, ಎಣ್ಣೆ, ಗ್ಯಾಸ್ ಸಿಲಿಂಡರ್ ಬೆಟ್ಟ ಹತ್ತಿ ಬರುವಾಗ ಅಗ್ಗವಾಗುವುದಿಲ್ಲ. ಕಾಯಿಲೆಯ ತೀವ್ರ ಚಿಕಿತ್ಸೆಗೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕು, ಮಗಳ ಕಾಲೇಜಿಗೆ ಮಡಿಕೇರಿಯ ಬಸ್ಸು ಇಲ್ಲವೇ ಹಾಸ್ಟೆಲ್. ಕನಿಷ್ಠ ವೇತನಕ್ಕೆ ಆಹಾರ, ಬಟ್ಟೆ, ಮನೆಗಳ ಜೊತೆಗೆ ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿನ ಖರ್ಚಿಗಾಗಿ ಇನ್ನೂ ಶೇ 25 ಸೇರಬೇಕೆಂದು ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ 1991ರಲ್ಲೇ ಹೇಳಿದೆ. ಈ ಕಾಲುಪಾಲು ಹಳ್ಳಿಯಲ್ಲಿ ನಗರಕ್ಕಿಂತ ಕಡಿಮೆ ಎಂದು ತೋರಿಸಿಕೊಟ್ಟವರಿಲ್ಲ. ಇನ್ನು ತೋಟದ ಕೆಲಸಗಾರರಿಗೆ ಕೊಡುವ ಲೈನ್ ಮನೆ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ವಸತಿ ಕೊಡುವುದು ಮಾಲೀಕನ ಕರ್ತವ್ಯ, ಉಪಕಾರವಲ್ಲ. ವೇತನ ಸಂಹಿತೆಯೂ ಮನೆಯ ಬೆಲೆಯನ್ನು ‘ವೇತನ’ದ ವ್ಯಾಖ್ಯೆಯಿಂದ ಹೊರಗೇ ಇಟ್ಟಿದೆ. ಅಲ್ಲದೆ ಆ ಮನೆ ಕೆಲಸದೊಂದಿಗೆ ಬಂದು ಕೆಲಸದೊಂದಿಗೇ ಹೋಗುವಂಥದ್ದು. ಹೆಚ್ಚು ಸಂಬಳ ಕೇಳಲು ಹೊರಟವನು ತಲೆಯ ಮೇಲಿನ ಸೂರನ್ನೂ ಪಣಕ್ಕಿಟ್ಟೇ ಕೇಳಬೇಕು. ಪುಕ್ಕಟೆ ಮನೆ ಸಂಬಳವನ್ನು ಕಡಿಮೆ ಇಡಲು ಕಾರಣವೂ ಹೌದು, ಉಪಾಯವೂ ಹೌದು.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿ. ಕೊಡಗಿನ ಗಳಿಕೆ ಋತುಮಾನದ್ದು. ಮಳೆಗಾಲದಲ್ಲಿ ಕೋಣೆಗಳು ಖಾಲಿ, 2018 ಮತ್ತು 2019ರ ಅನಾಹುತದ ಮೇಲೆ ಬಂದ ಕೋವಿಡ್‌ನಲ್ಲಿ ಅತಿಥಿಗಳೇ ಇರಲಿಲ್ಲ, ಕಾಫಿಯ ಬೆಲೆ ಲಂಡನ್ನು, ಬ್ರೆಜಿಲ್ಲು, ವಿಯೆಟ್ನಾಂ ಹೇಳಿದಂತೆ ಕುಣಿಯುತ್ತದೆ. ಸಂಬಳವನ್ನು ಒಮ್ಮೆ ಏರಿಸಿದರೆ ಇಳಿಸಲಾಗದು. ಐದಾರು ಎಕರೆಯ ಬೆಳೆಗಾರ ಎಲ್ಲಿಂದ ತರಬೇಕು? ಸಣ್ಣ ಬೆಳೆಗಾರನ ಮಟ್ಟಿಗೆ ಈ ಮಾತನ್ನು ಒಪ್ಪಲೇಬೇಕು. ಅವನು ತನ್ನ ತೋಟಕ್ಕೆ ತಾನೇ ಮೇಸ್ತ್ರಿ, ಈ ಚರ್ಚೆ ಅವನದಲ್ಲ. ಮೇಲ್ವಿಚಾರಕನನ್ನು ಇಟ್ಟುಕೊಳ್ಳುವ ಮಟ್ಟದ ಎಸ್ಟೇಟು ಮತ್ತು ರೆಸಾರ್ಟಿಗೆ ಮಾತ್ರ ಇದು ಒಪ್ಪುವ ಉತ್ತರವಲ್ಲ. 2024ರಲ್ಲಿ ರೊಬಸ್ಟಾ ಚೆರಿಯ 50 ಕಿಲೋ ಚೀಲ 10,000 ರೂಪಾಯಿ ದಾಟಿತು, ಹಿಂದೆಂದೂ ಕಾಣದ ಬೆಲೆ ಅದು. ಬೆಲೆ ಬಿದ್ದ ವರ್ಷಗಳಲ್ಲಿ ಕಷ್ಟದ ಪಾಲು ಮೇಸ್ತ್ರಿಗೆ ಬಂದದ್ದುಂಟು, ಏರಿದ ವರ್ಷದಲ್ಲಿ ಸುಖದ ಪಾಲು ಬಂದರೆ ಅದು ಮಾಲೀಕನ ಒಳ್ಳೆಯ ಮನಸ್ಸಿನಿಂದ ಬಂದ ಕೊಡುಗೆ, ಲೆಕ್ಕದಿಂದ ಬಂದದ್ದಲ್ಲ. ಇನ್ನು ಋತುಮಾನ. ಅತಿಥಿಗಳಿಗೆ ಮಳೆಗಾಲ ಬಿಡುವು, ಮೇಲ್ವಿಚಾರಕನಿಗೆ ಅದೇ ಹೆಗಲು ಮುರಿಯುವ ಕಾಲ. ಚರಂಡಿ, ಬರೆ, ಬಿದ್ದ ಮರ, ಕೊಳೆಯುವ ಗಿಡ, ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆದಾಯದ ಋತುವಿಗೆ ಸಂಬಳವನ್ನು ಕಟ್ಟುವುದು, ಹೊಣೆಯ ಋತುವನ್ನು ಕಡೆಗಣಿಸುವುದು ತಲೆಕೆಳಗಾದ ಲೆಕ್ಕ.

ಮೂರನೆಯದು ಸರ್ಟಿಫಿಕೇಟಿನ ಮಾತು. ಅವನಿಗೆ ಡಿಪ್ಲೊಮಾ ಇಲ್ಲ, ಕೆಲವೊಮ್ಮೆ ಹತ್ತನೇ ತರಗತಿಯೂ ಇಲ್ಲ, ಕುಶಲ ಎಂದು ಯಾವ ಆಧಾರದ ಮೇಲೆ ಕರೆಯುವುದು ಎನ್ನುತ್ತಾರೆ. ಕರ್ನಾಟಕದ ಉದ್ಯಾನಗಳ ಚರಿತ್ರೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಲಾಲ್‌ಬಾಗನ್ನು ಬೆಳೆಸಿದ ಕ್ಯಾಮರಾನ್, 1908ರಲ್ಲಿ ಅವರ ನಂತರ ಬಂದ ಕ್ರುಂಬಿಗಲ್, ಆಮೇಲಿನ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಇವರ ಹೆಸರು ಎಲ್ಲರಿಗೂ ಗೊತ್ತು. ಅವರೊಡನೆ ದುಡಿದ ಮಾಲಿಗಳ, ದಫೇದಾರರ ಹೆಸರು ಯಾರಿಗೂ ಗೊತ್ತಿಲ್ಲ. ಕ್ರುಂಬಿಗಲ್ ಸ್ವತಃ ಸೇರಿದಂತೆ ಆ ಪರಂಪರೆಯ ತೋಟಗಾರಿಕೆ ಕಲಿಕೆ ಎಂದರೆ ಮುಖ್ಯವಾಗಿ ಕೈಕೆಲಸದ ಉಮೇದುವಾರಿಕೆ. ತೋಟದಲ್ಲೇ ವರ್ಷಗಟ್ಟಲೆ ದುಡಿದು ಕಲಿಯುವುದು. ಮೇಲಿನವರಿಗೆ ಅದು ವಿದ್ಯೆ ಎನಿಸಿಕೊಂಡಿತು, ಕೆಳಗಿನವರಿಗೆ ಬರಿಯ ‘ಅಭ್ಯಾಸ’. ಈಗ ಆ ಅಭ್ಯಾಸವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯೊಳಗೇ ಇದೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ, ರಾಜಾಸೀಟಿನಂಥ ಉದ್ಯಾನ ನೋಡಿಕೊಳ್ಳುವ ತೋಟಗಾರಿಕೆ ಇಲಾಖೆ ಮಡಿಕೇರಿಯಲ್ಲೇ ಇದೆ. ಇಳಿಜಾರಿನ ನೀರು, ಮರದ ಸುರಕ್ಷತೆ, ಔಷಧಿ ಬಳಕೆ ಈ ಮೂರನ್ನು ತೋಟದಲ್ಲೇ ನಿಲ್ಲಿಸಿ ಪರೀಕ್ಷಿಸಿದರೆ ಮಡಿಕೇರಿ ತಾಲ್ಲೂಕಿನ ಅರ್ಧಕ್ಕರ್ಧ ಮೇಸ್ತ್ರಿಗಳು ಡಿಪ್ಲೊಮಾದವರನ್ನು ಹಿಂದೆ ಹಾಕಿಯಾರು. ಇದು ನನ್ನ ಅಂದಾಜು, ಅಳೆದು ನೋಡಿದ್ದಲ್ಲ. ಅಳೆದು ನೋಡಲಿ ಎಂಬುದೇ ಬೇಡಿಕೆ.

ಸಂಬಳ ಕಡಿಮೆಯಾದರೂ ಬಕ್ಷೀಸು ಸಿಗುತ್ತದಲ್ಲ ಎಂಬ ಮಾತನ್ನೂ ಇಲ್ಲೇ ಮುಗಿಸಬಹುದು. 2024ರ ಐಪಿಎಲ್ ಮುಗಿದಾಗ ಕ್ರಿಕೆಟ್ ಮಂಡಳಿ ಹತ್ತು ಮುಖ್ಯ ಮೈದಾನಗಳ ಕ್ಯೂರೇಟರ್ ಮತ್ತು ನೆಲದ ಸಿಬ್ಬಂದಿಗೆ ಮೈದಾನಕ್ಕೆ 25 ಲಕ್ಷ ರೂಪಾಯಿಯಂತೆ ಬಹುಮಾನ ಘೋಷಿಸಿತು. ತೆರೆಯ ಹಿಂದಿನ ವೀರರು ಎಂದು ಹೊಗಳಿತು. ಸಂತೋಷ. ಆದರೆ ಬಹುಮಾನದ ಮೇಲೆ ಪಿ.ಎಫ್. ಕಟ್ಟುವುದಿಲ್ಲ, ಗ್ರಾಚ್ಯುಟಿಯ ಲೆಕ್ಕಕ್ಕೆ ಅದು ಬರುವುದಿಲ್ಲ, ಬ್ಯಾಂಕಿನವರು ಅದನ್ನು ನೋಡಿ ಸಾಲ ಕೊಡುವುದಿಲ್ಲ. ಹುತ್ತರಿ ಹಬ್ಬಕ್ಕೆ ಕೊಡುವ ಕವರ್, ಅತಿಥಿ ಹೊರಡುವಾಗ ಕೈಗಿಡುವ ನೋಟು ಇವೂ ಅದೇ ಜಾತಿಯವು. ವರ್ಷಕ್ಕೆ 15 ದಿನದ ಸಂಬಳದಂತೆ ಸಿಗಬೇಕಾದ ಗ್ರಾಚ್ಯುಟಿ ಕೊನೆಯ ಸಂಬಳದ ಮೇಲೆ ನಿಂತಿದೆ. ಇಪ್ಪತ್ತು ವರ್ಷ ತೋಟ ಕಾದವನಿಗೆ ತಿಂಗಳ ಸಂಬಳದಲ್ಲಿ 5,000 ಹೆಚ್ಚುಕಡಿಮೆಯಾದರೆ ಹೊರಡುವ ದಿನ ಅರ್ಧ ಲಕ್ಷಕ್ಕೂ ಮೀರಿದ ವ್ಯತ್ಯಾಸ ಬೀಳುತ್ತದೆ. ಗುತ್ತಿಗೆದಾರ ಬದಲಾದಾಗಲೆಲ್ಲ ಸೇವೆ ಹೊಸದಾಗಿ ಶುರುವಾದಂತೆ ಬರೆದುಕೊಂಡರೆ ಆ ಮೊತ್ತ ಇನ್ನೂ ಕರಗುತ್ತದೆ.

ಆದ್ದರಿಂದ ಕೇಳಬೇಕಾದದ್ದು ದೊಡ್ಡ ಕ್ರಾಂತಿಯನ್ನಲ್ಲ. ವಸತಿ ಹೋಟೆಲ್ ಮತ್ತು ರೆಸಾರ್ಟ್‌ಗಳಿಗೆ ಕನಿಷ್ಠ ವೇತನ ಹೇಳುವಾಗ ವಲಯವನ್ನು ಊರಿನಿಂದ ನಿರ್ಧರಿಸದೆ ಕೋಣೆಯ ಬಾಡಿಗೆಯ ದರ್ಜೆಯಿಂದ ನಿರ್ಧರಿಸಬಹುದು. ಕೋಣೆಗೆ ಎಷ್ಟು ಜಿಎಸ್‌ಟಿ ಎಂದು ಬಾಡಿಗೆ ನೋಡಿ ತೆರಿಗೆ ಇಲಾಖೆ ಈಗಾಗಲೇ ತೀರ್ಮಾನಿಸುತ್ತದೆ, ಅದೇ ಕಡತ ಕಾರ್ಮಿಕ ಇಲಾಖೆಗೂ ಸಾಕು. ಮೇಲ್ವಿಚಾರಕನ 18,000ದ ಮಿತಿಯನ್ನು ಕೇಂದ್ರ ಸರಕಾರ ಅಧಿಸೂಚನೆಯಿಂದಲೇ ಏರಿಸಬಹುದು, ಸಂಹಿತೆಯಲ್ಲೇ ಅದಕ್ಕೆ ಅವಕಾಶವಿದೆ. ಅತಿಕುಶಲ ವರ್ಗದ ಕನಿಷ್ಠ ವೇತನಕ್ಕೆ ಅದನ್ನು ಜೋಡಿಸಿಬಿಟ್ಟರೆ ಇನ್ನೊಂದು ಮೂವತ್ತು ವರ್ಷ ಅದು ಹಳಸದೆ ಉಳಿಯುತ್ತದೆ. ಇವೆರಡೂ ಬೆಂಗಳೂರು ಮತ್ತು ದೆಹಲಿಯಲ್ಲಿ ಆಗಬೇಕಾದವು, ನಿಧಾನಕ್ಕೆ ಆಗುವಂಥವು. ಗಾಳಿಬೀಡಿನಲ್ಲಿ ಈ ಮುಂಗಾರಿಗೆ ಮೊದಲೇ ಆಗಬಹುದಾದದ್ದು ಒಂದಿದೆ. ಈಗ ಕಡ್ಡಾಯವಾಗಿರುವ ನೇಮಕಾತಿ ಪತ್ರದಲ್ಲಿ ಹುದ್ದೆಯ ಜಾಗದಲ್ಲಿ ‘ತೋಟದ ಕೆಲಸ’ ಎಂದು ಬರೆಯದೆ ‘ಮೇಲ್ವಿಚಾರಕ, ಅತಿಕುಶಲ’ ಎಂದು ಬರೆಯುವುದು, ಬರೆ ಮತ್ತು ಚರಂಡಿಯ ಹೊಣೆ ಅವನದಾಗಿದ್ದರೆ ಅದನ್ನೂ ಅಲ್ಲೇ ನಮೂದಿಸಿ ಅದಕ್ಕೊಂದು ಮೊತ್ತ ಕಾಣಿಸುವುದು.